ಒಂದೇ ಕೋಣೆ, ಮೂರು ತರಗತಿ



ನಿಮ್ಮಲ್ಲಿ ಹೆಚ್ಚಿನವರು ದಮ್ಮಾಮ್, ಜುಬೈಲ್, ರಿಯಾದ್, ಜಿದ್ದಾಗಳ ದೊಡ್ಡ ದೊಡ್ಡ ಇಂಡಿಯನ್ ಸ್ಕೂಲ್‌ಗಳಲ್ಲಿ ಓದಿದವರು. ಸಾವಿರಗಟ್ಟಲೆ ಮಕ್ಕಳು, ಒಂದೊಂದು ತರಗತಿಗೆ ಎ ಯಿಂದ ಹಿಡಿದು ಎಷ್ಟೋ ಸೆಕ್ಷನ್‌ಗಳು, ಮನೆ ಬಾಗಿಲಿಗೆ ಬರುವ ಬಸ್ಸು. ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಪಕ್ಕದ ಸರಕಾರಿ ಶಾಲೆಗೆ ಇಣುಕಿದ್ದರೆ ಬೇರೆಯೇ ನೋಟ ಕಂಡಿರುತ್ತದೆ. ಎರಡು ಕೋಣೆ, ಇಪ್ಪತ್ತೋ ಮೂವತ್ತೋ ಮಕ್ಕಳು, ಒಬ್ಬರೋ ಇಬ್ಬರೋ ಟೀಚರು. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ನೆಲದ ಮೇಲೆ ಒಟ್ಟಿಗೇ ಕೂತಿರುತ್ತಾರೆ. "ಇಲ್ಲಿ ಏನು ಪಾಠ ಆಗುತ್ತೆ ಆಂಟಿ?" ಎಂದು ನನ್ನನ್ನು ಕೇಳಿದವರು ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ.

ಮೊದಲು ಲೆಕ್ಕ ನೋಡೋಣ. ಕಿರಿಯ ಪ್ರಾಥಮಿಕ ಶಾಲೆ ಎಂದರೆ ಒಂದರಿಂದ ಐದರವರೆಗೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ತರಗತಿ ಐದು, ಶಿಕ್ಷಕರು ಇಬ್ಬರು! ಆದ್ದರಿಂದ ಸಣ್ಣ ಊರಿನಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದು ಯಾರದೋ ಅಸಡ್ಡೆಯಿಂದಲ್ಲ. ಶಾಲೆ ಮನೆಯ ಹತ್ತಿರ ಇರಬೇಕು ಎಂದರೆ ಅದು ಸಣ್ಣದೇ ಆಗಿರುತ್ತದೆ, ಸಣ್ಣದಾದರೆ ಹೀಗೆಯೇ ಇರುತ್ತದೆ. ಒಬ್ಬ ಶಿಕ್ಷಕಿ ಮೂರು ತರಗತಿಗೆ ಹೇಗೆ ಕಲಿಸುತ್ತಾಳೆ ಎಂಬುದೇ ಅಲ್ಲಿನ ಗುಣಮಟ್ಟದ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಮುಖ್ಯರು. ಕಬಿನಿ ಹಿನ್ನೀರು, ನಾಗರಹೊಳೆ ಕಾಡಿನ ಅಂಚು, ಜೇನುಕುರುಬರ ಹಾಡಿಗಳು ಇರುವ ತಾಲೂಕು ಅದು. ಮಕ್ಕಳು ನಡುವೆ ಹದಿನೈದು ದಿನ ಬರದೇ ಇದ್ದು ಮತ್ತೆ ಬಂದರೆ ಪಾಠ ಮುಂದೆ ಹೋಗಿಬಿಟ್ಟಿರುತ್ತಿತ್ತು. ಆಮೇಲೆ ಅವರು ಬರುವುದನ್ನೇ ಬಿಡುತ್ತಿದ್ದರು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯವರು ನಡೆಸುತ್ತಿದ್ದ ಹಳ್ಳಿ ಶಾಲೆಗಳನ್ನು ನೋಡಿ ಬಂದರು. 1995ರಲ್ಲಿ ಯುನಿಸೆಫ್ ನೆರವಿನಿಂದ ತಮ್ಮದೇ ಪದ್ಧತಿ ಶುರು ಮಾಡಿದರು. ಅದೇ ನಲಿ-ಕಲಿ. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂತು.

ನಲಿ-ಕಲಿ ಕೋಣೆಯಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿರುತ್ತವೆ. ಪ್ರತಿ ಕಾರ್ಡಿಗೂ ಒಂದು ಚಿತ್ರದ ಗುರುತು, ಒಂದು ನಂಬರು. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ಏಣಿ ನೋಡಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ತಿಳಿದುಕೊಂಡು ತನ್ನ ಕಾರ್ಡು ತಾನೇ ತೆಗೆದುಕೊಳ್ಳುತ್ತದೆ. ಆಮೇಲೆ ಗುಂಪಿನಲ್ಲಿ ಕೂರುತ್ತದೆ. ಈ ಗುಂಪುಗಳು ತರಗತಿಯ ಪ್ರಕಾರ ಅಲ್ಲ, ಎಷ್ಟು ಸಹಾಯ ಬೇಕು ಎನ್ನುವುದರ ಪ್ರಕಾರ. ಹೊಸ ವಿಷಯ ಕಲಿಯುವವರು ಟೀಚರ ಹತ್ತಿರ. ಸ್ವಲ್ಪ ಗೊತ್ತಾದವರು ಟೀಚರ ಅರ್ಧ ಸಹಾಯದಲ್ಲಿ. ಮುಂದಿನವರು ಗೆಳೆಯರ ಸಹಾಯದಲ್ಲಿ. ಕೊನೆಗೆ ತಾನೇ ಕಲಿಯುವ ಗುಂಪು. ಟೀಚರು ಒಂದು ಗುಂಪಿನ ಜೊತೆ ಕೂತಾಗ ಉಳಿದವರ ಕೈಗೂ ಕೆಲಸ ಇರುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ನಲವತ್ತು ಮಕ್ಕಳು ಒಂದೇ ದಿನ ಒಂದೇ ಪುಟ ತಿರುಗಿಸುವ ನಮ್ಮ ಇಲ್ಲಿನ ಶಾಲೆಗಳಲ್ಲಿ ಇಂಥ ಸೌಲಭ್ಯ ಇಲ್ಲ, ಅದಕ್ಕಾಗಿ ಟ್ಯೂಷನ್ ಇದೆ!

ಕನ್ನಡ ಅಕ್ಷರ ಕಲಿಸುವ ಕ್ರಮವಂತೂ ನನಗೆ ಬಹಳ ಇಷ್ಟ. ನೀವು ಮನೆಯಲ್ಲಿ ಅ, ಆ, ಇ, ಈ ಎಂದು ಕಲಿತಿರುತ್ತೀರಿ. ಆ ನಾಲ್ಕು ಅಕ್ಷರ ಕಲಿತ ಮೇಲೆ ಯಾವ ಪದ ಓದಬಹುದು ಹೇಳಿ? ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಿಂದಲೇ ಸರ, ರಸ, ದರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಕೆಲವೇ ದಿನಗಳಲ್ಲಿ ಮಗುವಿಗೆ "ನನಗೆ ಓದಲು ಬರುತ್ತದೆ" ಅನಿಸಿಬಿಡುತ್ತದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಎಂ.ಎ.ಯಲ್ಲಿ ಓದಿದವಳು ನಾನು, ವರ್ಣಮಾಲೆಯ ಕ್ರಮದ ಮೇಲೆ ನನಗೆ ಗೌರವವಿದೆ. ವ್ಯಾಕರಣಕ್ಕೆ ಆ ಕ್ರಮ ಚೆನ್ನ, ಆರು ವರ್ಷದ ಮಗುವಿಗೆ ಗರಗಸವೇ ಚೆನ್ನ. ಕನ್ನಡ ಮಾತನಾಡಬಲ್ಲ, ಓದಲು ಬಾರದ ನಿಮ್ಮ ತಮ್ಮ ತಂಗಿಯರಿಗೆ ಮುಂದಿನ ಶುಕ್ರವಾರ ಈ ಐದು ಅಕ್ಷರಗಳಿಂದ ಶುರು ಮಾಡಿ ನೋಡಿ.

ಹಾಗಾದರೆ ಎಲ್ಲ ಸರಿಯಿದೆಯೇ? ಇಲ್ಲ. ಈ ಪದ್ಧತಿ ಪೂರ್ತಿ ನಿಂತಿರುವುದು ಟೀಚರ ಮೇಲೆ. ಪ್ರತಿ ಮಗುವಿನ ಮೆಟ್ಟಿಲು ಆಕೆಗೆ ಗೊತ್ತಿರಬೇಕು. ಆಕೆಯನ್ನು ಚುನಾವಣೆ, ಗಣತಿ, ತರಬೇತಿ ಎಂದು ಕರೆದ ದಿನ ಏಣಿ ಸುಮ್ಮನೆ ಗೋಡೆಯ ಮೇಲಿರುತ್ತದೆ. ಕಾರ್ಡು ಹರಿದರೆ ಒಂದು ಮೆಟ್ಟಿಲೇ ಇಲ್ಲ. ಮೂರನೆಯ ತರಗತಿಗೆ ನಲಿ-ಕಲಿ ಮುಗಿದು ನಾಲ್ಕರಲ್ಲಿ ಪಠ್ಯಪುಸ್ತಕ ಶುರುವಾಗುತ್ತದೆ, ಆಗ ಇನ್ನೂ ಓದಲು ಬಾರದ ಮಗುವಿಗಾಗಿ ಯಾರೂ ಕಾಯುವುದಿಲ್ಲ. ತಂದೆತಾಯಿಯರಿಗೂ ಅನುಮಾನ: ನೋಟ್ಸ್ ಇಲ್ಲ, ಇಂಗ್ಲಿಷ್ ಸಾಲದು. ವ್ಯಾನು ಬರುವ ಶಾಲೆಗೆ ಕಳಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರೂ ಕಡಿಮೆ, ಆಮೇಲೆ ಶಾಲೆಯನ್ನೇ ಮುಚ್ಚುವ ಮಾತು. ಅಂಥ ಊರಿನಲ್ಲಿ ವ್ಯಾನಿನ ದುಡ್ಡು ಇಲ್ಲದವರ ಮಗುವೇ ಕೊನೆಗೆ ಉಳಿಯುವುದು.

ವ್ಯಾನಿನ ಶಾಲೆಯಲ್ಲಿ ಓದು ಬಂದೇ ಬರುತ್ತದೆ ಎಂದೂ ಇಲ್ಲ. ಪ್ರಥಮ್ ಸಂಸ್ಥೆ 2005ರಿಂದ 'ಅಸರ್' ಎಂಬ ಸಮೀಕ್ಷೆ ನಡೆಸುತ್ತಿದೆ. ಹಳ್ಳಿಯ ಮನೆಗಳಿಗೇ ಹೋಗಿ ಮಗುವಿನ ಕೈಗೆ ಅಕ್ಷರ, ಪದ, ಸಣ್ಣ ವಾಕ್ಯಗಳು, ಎರಡನೆಯ ತರಗತಿ ಮಟ್ಟದ ಒಂದು ಕಥೆ ಇರುವ ಹಾಳೆ ಕೊಡುತ್ತಾರೆ. ಗ್ರಾಮೀಣ ಭಾರತದಲ್ಲಿ, ಖಾಸಗಿ ಶಾಲೆಗಳನ್ನೂ ಸೇರಿಸಿ, ಆ ಕಥೆ ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2022ರಲ್ಲಿ ನೂರಕ್ಕೆ ಸುಮಾರು 20, 2024ರಲ್ಲಿ ಸುಮಾರು 27. ಕೊರೋನಾದಿಂದ ಬಿದ್ದದ್ದು ಎದ್ದಿದೆ, ಆದರೂ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಆ ಕಥೆ ಓದಲು ಬರುವುದಿಲ್ಲ.

ಕರಾವಳಿಯವರ ಮನೆಗಳಲ್ಲಿ ಹರೇಕಳ ಹಾಜಬ್ಬರನ್ನು ಅರಿಯದವರಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ, ಸ್ವತಃ ಓದು ಕಲಿಯದ ಅವರು ನ್ಯೂಪಡ್ಪುವಿಗೆ ಶಾಲೆ ತಂದರು, 2020ರಲ್ಲಿ ಪದ್ಮಶ್ರೀ ಪ್ರಕಟವಾಯಿತು. ಇಲ್ಲಿಂದ ನಾವು ಊರಿನ ಶಾಲೆಗೆ ಕಳಿಸುವುದು ಹೆಚ್ಚಾಗಿ ಗೇಟು, ಬಣ್ಣ, ಕಂಪ್ಯೂಟರು. ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಮುಖ್ಯ ಶಿಕ್ಷಕರನ್ನು ಮತ್ತು ತಂದೆತಾಯಿಯರೇ ಇರುವ ಎಸ್.ಡಿ.ಎಂ.ಸಿ.ಯವರನ್ನು ಒಂದು ಮಾತು ಕೇಳಿ: ಎಷ್ಟು ಶಿಕ್ಷಕರು ಬೇಕು, ಎಷ್ಟು ಮಂದಿ ಇದ್ದಾರೆ? ನಾಲ್ಕನೆಯ ತರಗತಿಯಲ್ಲಿ ಓದಲು ಬಾರದವರು ಎಷ್ಟು ಜನ, ಅವರ ಜೊತೆ ದಿನಾ ಒಂದು ಗಂಟೆ ಕೂರುವವರು ಯಾರಾದರೂ ಇದ್ದಾರೆಯೇ? ನೀವು ಜುಲೈಯಲ್ಲಿ ಹೋಗುವ ಹೊತ್ತಿಗೆ ಅಲ್ಲಿ ಶಾಲೆ ತೆರೆದಿರುತ್ತದೆ, ಅವರ ಬೇಸಿಗೆ ರಜೆ ಏಪ್ರಿಲ್-ಮೇ ತಿಂಗಳಲ್ಲೇ ಮುಗಿದಿರುತ್ತದೆ. ಅನುಮತಿ ಕೇಳಿ ಒಳಗೆ ಹೋಗಿ, ನೆಲದ ಮೇಲೆ ಕೂತುಕೊಳ್ಳಿ. ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ನಾಲ್ಕಾರನ್ನು ಮುದ್ರಿಸಿಕೊಂಡು ಹೋಗಿ. ನಿಮಗೆ ಕನ್ನಡ ಓದಲು ತಡವರಿಸಿದರೂ ಸಂಕೋಚ ಬೇಡ, ತಿದ್ದಿ ಹೇಳಲು ಅಲ್ಲಿ ಎರಡನೆಯ ತರಗತಿಯವರು ಇರುತ್ತಾರೆ.