ಹೊಸ ತೆನೆ ಮತ್ತು ಬಲಿಪೀಠ

ಹೊರನಾಡಿನಿಂದ ಬಂದ ಧರ್ಮವೊಂದು ತಾನು ನೆಲೆಸಿದ ಮಣ್ಣಿನ ಆಚಾರ, ಕಲೆ ಹಾಗೂ ಬೇಸಾಯದ ವಿಧಿಗಳನ್ನು ತನ್ನ ಆರಾಧನೆಯೊಳಗೆ ಬರಮಾಡಿಕೊಳ್ಳುವ ಕ್ರಮವನ್ನು ದೇಶೀಕರಣವೆನ್ನಬಹುದು. ಇಂಡೋನೇಷ್ಯಾದ ಜಾವಾ ದ್ವೀಪದ ಕಥೋಲಿಕರು ಇದಕ್ಕೆ ಹೆಸರಾದವರು. ಅಲ್ಲಿನ ಗಂಜುರಾನ್ ಚರ್ಚಿನ ಆವರಣದಲ್ಲಿ ಪ್ರಾಚೀನ ಜಾವಾ ದೇಗುಲದ ಮಾದರಿಯ ಗುಡಿಯಿದ್ದು, ಅದರೊಳಗಿನ ಯೇಸುವಿನ ಮೂರ್ತಿ ಜಾವಾದ ಅರಸನ ಉಡುಗೆ ತೊಟ್ಟಿದೆ. ಮದುವೆಗೆ ಮುನ್ನ ಹೂ ಬೆರೆಸಿದ ನೀರೆರೆಯುವ ಸಿರಾಮನ್ ವಿಧಿ ಕಥೋಲಿಕ ಮನೆಗಳಲ್ಲಿಯೂ ನಡೆಯುತ್ತದೆ. ಇಂಥದೇ ಹೊಂದಾಣಿಕೆ ಕರ್ನಾಟಕದ ಕೊಂಕಣಿ ಕಥೋಲಿಕರಲ್ಲಿ ಇನ್ನೂ ಮೊದಲೇ ಬೇರೂರಿತ್ತು.

ಕೊಡಗಿನ ನಾಪೋಕ್ಲು ಸುತ್ತಮುತ್ತ ಕೊಡವರು ಆಚರಿಸುವ ಹೊಸ ಬೆಳೆಯ ಹಬ್ಬವಾದ ಪುತ್ತರಿಯನ್ನು ಮೊದಲು ಗಮನಿಸಿದರೆ, ಈ ಕಥೋಲಿಕರ ಆಚರಣೆಗೂ ಇಲ್ಲಿನ ಮಣ್ಣಿನ ವಿಧಿಗಳಿಗೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ. ಸಮೀಪದ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತಾದ ಮೇಲೆ, ಕೊಡವ ಮನೆಮಂದಿ ತಮ್ಮ ಮನೆತನದ ಮೂಲಮನೆಯಾದ ಐನ್‌ಮನೆಯ ನಡುಮನೆ ನೆಲ್ಲಕ್ಕಿಯಲ್ಲಿ ದೀಪದ ಮುಂದೆ ಸೇರಿ, ‘ನೆರೆ’ ಎಂಬ ಎಲೆಗಳ ಕಟ್ಟನ್ನು ಕಟ್ಟಿ, ರಾತ್ರಿ ಗದ್ದೆಗಿಳಿದು ಕದಿರು ಕೊಯ್ದು, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಹೊಸ ಪೈರನ್ನು ಮನೆ ತುಂಬಿಸಿಕೊಳ್ಳುತ್ತಾರೆ. ಬಳಿಕ ಹೊಸ ಕಾಳು ಸೇರಿದ ಪಾಯಸವನ್ನು ಎಲ್ಲರೂ ಉಣ್ಣುತ್ತಾರೆ.

ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದಂದು ಆಚರಿಸುವ ಮೊಂತಿ ಹಬ್ಬದ ಕೇಂದ್ರದಲ್ಲಿಯೂ ಇರುವುದು ಹೊಸ ತೆನೆಯೇ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ಭತ್ತದ ತೆನೆಯನ್ನು ಪ್ರತಿ ಕುಟುಂಬವೂ ಮನೆಗೊಯ್ದು ದೇವರ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಅದರ ಕೆಲವು ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಹಂಚಿಕೊಂಡ ನಂತರವೇ ಬಾಳೆಲೆಯ ಸಸ್ಯಾಹಾರದ ಊಟಕ್ಕೆ ಕೂರುತ್ತದೆ. ಮದುವೆಯ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲು ಹಚ್ಚುವ ರೋಸ್ ವಿಧಿಯಂತೂ ಜಾವಾದ ಸಿರಾಮನ್‌ಗೆ ಸೋದರಿಯಂತಿದೆ.

ಈ ಆಚರಣೆಗಳು ಸುಲಭವಾಗಿ ಉಳಿದು ಬಂದವಲ್ಲ. ಗೋವಾದ ಧರ್ಮವಿಚಾರಣೆಯ ನ್ಯಾಯಪೀಠವು 1736ರ ಆಜ್ಞೆಯಲ್ಲಿ ದೇಶೀಯ ಮದುವೆ ಪದ್ಧತಿಗಳಲ್ಲಿ ಅನೇಕವನ್ನು ನಿಷೇಧಿಸಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯವಿತ್ತನು, ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಲ್ಲಿ ನೆಲೆಗೊಂಡಿತು. ಊರು ಬಿಟ್ಟರೂ, ಚರ್ಚು ಕಳೆದುಕೊಂಡರೂ ಈ ಜನ ತೆನೆಯ ಹಬ್ಬವನ್ನು ಬಿಡಲಿಲ್ಲ.

ರೋಮ್ ಈ ಬಗೆಯ ಹೊಂದಾಣಿಕೆಗೆ ವಿಧಿವತ್ತಾಗಿ ಬಾಗಿಲು ತೆರೆದದ್ದು ಬಹಳ ತಡವಾಗಿ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನೆಯನ್ನು ಕುರಿತ ಸಂವಿಧಾನವನ್ನು ಹೊರಡಿಸಿ, ಆಯಾ ಜನಾಂಗದ ಪದ್ಧತಿಗಳನ್ನು ಗೌರವಿಸಬೇಕೆಂದಿತು. ಅದರ ಬೆನ್ನಲ್ಲೇ ಕಥೋಲಿಕ ಗುರು ಡಿ.ಎಸ್. ಅಮಲೋರ್‌ಪವದಾಸ್ ಅವರ ಮುಂದಾಳುತನದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಮಟ್ಟದ ಧರ್ಮಬೋಧನಾ ಮತ್ತು ಆರಾಧನಾ ಕೇಂದ್ರ ಆರಂಭವಾಯಿತು. 1969ರಲ್ಲಿ ಭಾರತದ ಕಥೋಲಿಕ ಆರಾಧನೆಗಾಗಿ ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಎಣ್ಣೆಯ ದೀಪ, ಆರತಿ, ಅಂಜಲಿ, ಪಂಚಾಂಗ ಪ್ರಣಾಮಗಳನ್ನೊಳಗೊಂಡ 12 ಅಂಶಗಳಿಗೆ ರೋಮ್ ಒಪ್ಪಿಗೆ ನೀಡಿತು. ಆದರೆ ಈ ಅಂಶಗಳು ಎಲ್ಲೆಡೆ ಒಂದೇ ಬಗೆಯ ಸ್ವಾಗತ ಪಡೆಯಲಿಲ್ಲ: ಮೇಲ್ಜಾತಿಯ ಸಂಸ್ಕೃತಿಯನ್ನೇ ಭಾರತದ ಸಂಸ್ಕೃತಿಯೆಂದು ಭಾವಿಸಲಾಗಿದೆಯೆಂದು ದಲಿತ ಕ್ರೈಸ್ತ ಚಿಂತಕರು ಆಕ್ಷೇಪಿಸಿದರೆ, ಇದು ಮತಾಂತರದ ಮರೆಯ ದಾರಿಯೆಂದು ಕೆಲವು ಹಿಂದೂಗಳು ಶಂಕಿಸಿದರು.

ಆ ಆಕ್ಷೇಪಗಳಲ್ಲಿ ತೂಕವಿದೆ, ಏಕೆಂದರೆ ಯಾರ ಸಂಸ್ಕೃತಿಯನ್ನು, ಯಾರು, ಯಾರಿಗಾಗಿ ಆರಿಸುತ್ತಾರೆಂಬುದೇ ಇಲ್ಲಿನ ಮೂಲಪ್ರಶ್ನೆ. ತಜ್ಞರ ಸಮಿತಿ ಆರಿಸಿಕೊಟ್ಟ ವಿಧಿಗೆ ಜನರೇ ಒಗ್ಗಿಕೊಳ್ಳಬೇಕಾಗುತ್ತದೆ. ಮೊಂತಿ ಹಬ್ಬವಾದರೋ ಉತ್ತು ಬಿತ್ತಿ ಬೆಳೆದವರು ತಮ್ಮ ದುಡಿಮೆಯ ಫಲವನ್ನು ತಾವೇ ಬಲಿಪೀಠದ ಬಳಿಗೆ ಹೊತ್ತು ತಂದದ್ದರಿಂದ ಬೆಳೆದ ಹಬ್ಬ. ಪುತ್ತರಿಯ ಕೊಡವರಿಗೂ ಮೊಂತಿಯ ಕಥೋಲಿಕರಿಗೂ ದೇವರ ಹೆಸರು ಬೇರೆಯಾದರೂ, ಅನ್ನವನ್ನು ಉಣ್ಣುವ ಮುನ್ನ ಕೃತಜ್ಞತೆ ಸಲ್ಲಿಸಬೇಕೆಂಬ ಬಾಳಿನ ನಿಯಮ ಒಂದೇ. ಆ ನಿಯಮವನ್ನು ಬಿಟ್ಟುಕೊಡದೆ ಹೊಸ ವಿಶ್ವಾಸವನ್ನು ಒಪ್ಪಿಕೊಳ್ಳಲು ಸಾಧ್ಯವಾದಲ್ಲಿ ಮಾತ್ರ ದೇಶೀಕರಣವೆಂಬುದು ಆಜ್ಞೆಯಾಗಿ ಉಳಿಯದೆ ಬದುಕಾಗುತ್ತದೆ.