ಗಾಯಾಳು ಸೈನಿಕರ ವರ್ಗೀಕರಣ ಹಾಗೂ ಯುದ್ಧಗಾಯ ಪಿಂಚಣಿ ಸೌಲಭ್ಯಗಳು

ಸೇವೆಯಲ್ಲಿರುವಾಗ ಗಾಯಗೊಂಡು ಅಥವಾ ಕಾಯಿಲೆಗೆ ಒಳಗಾಗಿ, ವೈದ್ಯಕೀಯ ಮಂಡಳಿಯ ಶಿಫಾರಸಿನ ಮೇರೆಗೆ ಬಿಡುಗಡೆ ಹೊಂದಿ ಸ್ವಗ್ರಾಮಕ್ಕೆ ಮರಳುವ ಸೈನಿಕರಿಗೆ ದೊರೆಯುವ ಪಿಂಚಣಿಯು ಅಂಗವೈಕಲ್ಯದ ಪ್ರಮಾಣವೊಂದನ್ನೇ ಅವಲಂಬಿಸಿರುವುದಿಲ್ಲ. ಆ ಗಾಯವು ಯಾವ ಸಂದರ್ಭದಲ್ಲಿ ಸಂಭವಿಸಿತು, ಅದನ್ನು ಸೇನಾ ದಾಖಲೆಗಳಲ್ಲಿ ಯಾವ ವರ್ಗದಡಿ ನಮೂದಿಸಲಾಗಿದೆ ಎಂಬುದೂ ಅಷ್ಟೇ ಮುಖ್ಯವಾಗಿರುತ್ತದೆ. ಒಂದೇ ದರ್ಜೆಯ, ಒಂದೇ ವೇತನದ ಇಬ್ಬರು ಸೈನಿಕರು ತಲಾ ಒಂದು ಕಾಲನ್ನು ಕಳೆದುಕೊಂಡಿದ್ದರೂ, ಒಬ್ಬರು ನೆಲಬಾಂಬ್ ತೆಗೆಯುವಾಗ, ಇನ್ನೊಬ್ಬರು ಕರ್ತವ್ಯದ ಮೇಲಿನ ವಾಹನ ಅಪಘಾತದಲ್ಲಿ ಗಾಯಗೊಂಡಿದ್ದಲ್ಲಿ, ಇಬ್ಬರ ಮಾಸಿಕ ಪಿಂಚಣಿಯಲ್ಲಿ ಗಣನೀಯ ವ್ಯತ್ಯಾಸವಿರುತ್ತದೆ. ಈ ವ್ಯತ್ಯಾಸದ ಆಧಾರವನ್ನು ಅರಿಯದ ಕಾರಣದಿಂದಲೇ ಅನೇಕ ಮಾಜಿ ಸೈನಿಕರು ತಮಗೆ ಸಲ್ಲಬೇಕಾದುದನ್ನು ಕೇಳದೆ ಉಳಿಯುವ ಸಂಭವವಿರುವುದರಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಐದು ವರ್ಗಗಳು

ಐದನೇ ಕೇಂದ್ರ ವೇತನ ಆಯೋಗದ ಶಿಫಾರಸುಗಳನ್ನು ಜಾರಿಗೊಳಿಸಿ ರಕ್ಷಣಾ ಸಚಿವಾಲಯವು 2001ರ ಜನವರಿ 31ರಂದು ಹೊರಡಿಸಿದ ಆದೇಶವು 1996ರ ಜನವರಿ 1ರಿಂದ ಜಾರಿಗೆ ಬಂದಿತು. ಸೈನಿಕರ ಮರಣ ಹಾಗೂ ಅಂಗವೈಕಲ್ಯದ ಪ್ರಕರಣಗಳನ್ನು ಈ ಆದೇಶವು ಎ, ಬಿ, ಸಿ, ಡಿ, ಇ ಎಂಬ ಐದು ವರ್ಗಗಳಾಗಿ ವಿಂಗಡಿಸಿದೆ.

ಸೇನಾ ಸೇವೆಗೆ ಯಾವ ಸಂಬಂಧವೂ ಇಲ್ಲದ ಸ್ವಾಭಾವಿಕ ಕಾರಣಗಳು 'ಎ' ವರ್ಗಕ್ಕೆ ಸೇರುತ್ತವೆ. ಸೇವೆಯ ಪರಿಸರದಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಗೊಂಡ ಕಾಯಿಲೆಗಳು 'ಬಿ' ವರ್ಗಕ್ಕೆ ಸೇರುತ್ತವೆ. ಕರ್ತವ್ಯ ನಿರ್ವಹಣೆಯ ವೇಳೆ ಸಂಭವಿಸುವ ವಾಹನ ಅಪಘಾತ, ವಿದ್ಯುತ್ ಆಘಾತ ಮುಂತಾದವು 'ಸಿ' ವರ್ಗದವು. ಸೈನಿಕನು ಕಾರ್ಯಾಚರಣೆಯಲ್ಲಿ ಇಲ್ಲದಿದ್ದರೂ ಭಯೋತ್ಪಾದಕರ ಹಿಂಸಾಕೃತ್ಯಕ್ಕೆ ಸಿಲುಕಿದಲ್ಲಿ, ಉದಾಹರಣೆಗೆ ಸಾರ್ವಜನಿಕ ಸ್ಥಳದಲ್ಲಿ ನಡೆದ ಬಾಂಬ್ ಸ್ಫೋಟದಲ್ಲಿ ಗಾಯಗೊಂಡಲ್ಲಿ, ಅಂತಹ ಪ್ರಕರಣವು 'ಡಿ' ವರ್ಗದಡಿ ಬರುತ್ತದೆ. ಪ್ರಕೃತಿ ವಿಕೋಪಗಳ ಸಂದರ್ಭದಲ್ಲಿ ನಾಗರಿಕ ಆಡಳಿತದ ನೆರವಿಗೆ ನಿಯೋಜಿತರಾಗಿರುವಾಗ ಉಂಟಾದ ಹಾನಿಯೂ ಇದೇ ವರ್ಗದ್ದಾಗಿದೆ.

'ಇ' ವರ್ಗವು ಯುದ್ಧ ಹಾಗೂ ಯುದ್ಧಸದೃಶ ಸಂದರ್ಭಗಳದ್ದು. ಈ ವರ್ಗವೆಂದರೆ ಶತ್ರುವಿನ ಗುಂಡು ತಗುಲಿದವರಿಗೆ ಮಾತ್ರ ಎಂಬ ಭಾವನೆ ಸಾಮಾನ್ಯವಾಗಿದೆ; ಅದು ಸರಿಯಲ್ಲ. ಅಂತರರಾಷ್ಟ್ರೀಯ ಯುದ್ಧದಲ್ಲಿ ಶತ್ರುವಿನ ಕೃತ್ಯದಿಂದಾದ ಗಾಯಗಳಷ್ಟೇ ಅಲ್ಲದೆ ಗಡಿ ಚಕಮಕಿ, ವಿದೇಶಗಳಲ್ಲಿನ ಶಾಂತಿಪಾಲನಾ ಕಾರ್ಯ, ಉಗ್ರಗಾಮಿಗಳ ವಿರುದ್ಧದ ಕಾರ್ಯಾಚರಣೆ, ನೆಲಬಾಂಬ್ ಹುದುಗಿಸುವ ಅಥವಾ ತೆರವುಗೊಳಿಸುವ ಕೆಲಸ, ಕಾರ್ಯಾಚರಣೆಯ ಪ್ರದೇಶಕ್ಕೆ ಸಾಗುತ್ತಿರುವಾಗ ದಾರಿಯಲ್ಲಿ ನಡೆದ ಸ್ಫೋಟ, ಜೀವಂತ ಮದ್ದುಗುಂಡುಗಳೊಡನೆ ನಡೆಸುವ ಯುದ್ಧಾಭ್ಯಾಸ, ಮತ್ತು ಸರ್ಕಾರವು ವಿಶೇಷವಾಗಿ ಅಧಿಸೂಚಿಸಿದ ಕಾರ್ಯಾಚರಣೆಗಳಲ್ಲಿ ಉಂಟಾದ ಗಾಯಗಳೂ ಇದರಲ್ಲಿ ಸೇರಿವೆ. ಯುದ್ಧವಿಲ್ಲದ ವರ್ಷದಲ್ಲಿ, ತರಬೇತಿ ಮೈದಾನದಲ್ಲಿ ಗಾಯಗೊಂಡ ಸೈನಿಕರೂ ಈ ವರ್ಗಕ್ಕೆ ಸೇರುವ ಸಾಧ್ಯತೆ ಇದೆ ಎಂಬುದನ್ನು ಗಮನಿಸತಕ್ಕದ್ದು.

ಬಿ ಮತ್ತು ಸಿ ವರ್ಗದವರಿಗೆ ಅಂಗವೈಕಲ್ಯ ಪಿಂಚಣಿ, ಡಿ ವರ್ಗದವರಿಗೆ ಉದಾರೀಕೃತ ಅಂಗವೈಕಲ್ಯ ಪಿಂಚಣಿ, ಇ ವರ್ಗದವರಿಗೆ ಯುದ್ಧಗಾಯ ಪಿಂಚಣಿ ಅನ್ವಯವಾಗುತ್ತದೆ. ಎ ವರ್ಗದಲ್ಲಿ ಬಿಡುಗಡೆ ಹೊಂದಿದವರಿಗೆ ಇವು ಯಾವುವೂ ಇಲ್ಲ. ಹತ್ತು ವರ್ಷಗಳ ಸೇವೆ ಪೂರೈಸಿದ್ದಲ್ಲಿ ಇನ್‌ವ್ಯಾಲಿಡ್ ಪಿಂಚಣಿ ದೊರೆಯುತ್ತದೆ. 2019ರ ಜನವರಿ 4ರಂದು ಅಥವಾ ನಂತರ ಸೇವೆಯಲ್ಲಿದ್ದು, ಸೇನಾ ಸೇವೆಗೂ ನಾಗರಿಕ ಉದ್ಯೋಗಕ್ಕೂ ಶಾಶ್ವತವಾಗಿ ಅಸಮರ್ಥರಾದವರಿಗೆ ಹತ್ತು ವರ್ಷಗಳ ಷರತ್ತನ್ನು 2020ರಲ್ಲಿ ಸಡಿಲಿಸಲಾಗಿದೆ.

ಮೊತ್ತದ ಲೆಕ್ಕ

ಎರಡೂ ಬಗೆಯ ಪಿಂಚಣಿಗಳಲ್ಲಿ ಎರಡು ಅಂಶಗಳಿರುತ್ತವೆ. ಮೊದಲನೆಯದು ಸೇವಾ ಅಂಶ. ಎರಡನೆಯದು ಅಂಗವೈಕಲ್ಯದ ಅಥವಾ ಯುದ್ಧಗಾಯದ ಅಂಶ. ಸೇವೆಯಿಂದ ವೈದ್ಯಕೀಯವಾಗಿ ಬಿಡುಗಡೆಯಾದವರ ಸೇವಾ ಅಂಶವು ಕೊನೆಯ ಪರಿಗಣನಾರ್ಹ ವೇತನದ ಶೇ. 50ರಷ್ಟು. ಅಂಗವೈಕಲ್ಯವು ಶೇ. 100ರಷ್ಟಿದ್ದಲ್ಲಿ ಅಂಗವೈಕಲ್ಯದ ಅಂಶವು ಅದೇ ವೇತನದ ಶೇ. 30ರಷ್ಟಾದರೆ, ಯುದ್ಧಗಾಯದ ಅಂಶವು ವೇತನದ ಪೂರ್ಣ ಶೇ. 100ರಷ್ಟಾಗಿರುತ್ತದೆ. ಗಾಯಗೊಂಡ ನಂತರವೂ ಸೇವೆಯಲ್ಲಿ ಮುಂದುವರಿದು ಅವಧಿ ಮುಗಿದ ಮೇಲೆ ನಿವೃತ್ತರಾದವರಿಗೆ ಯುದ್ಧಗಾಯದ ಅಂಶವು ಶೇ. 60ರಷ್ಟು. ಅಂಗವೈಕಲ್ಯವು ಕಡಿಮೆಯಿದ್ದಂತೆ ಈ ಮೊತ್ತಗಳೂ ಅನುಪಾತದಲ್ಲಿ ಕಡಿಮೆಯಾಗುತ್ತವೆ.

ಏಳನೇ ವೇತನ ಆಯೋಗವು ಈ ಶೇಕಡಾವಾರು ಪದ್ಧತಿಯ ಬದಲಿಗೆ ದರ್ಜೆವಾರು ನಿಗದಿತ ಮೊತ್ತವನ್ನು ಶಿಫಾರಸು ಮಾಡಿತ್ತು. ಹಲವು ದರ್ಜೆಗಳವರಿಗೆ ಇದರಿಂದ ನಷ್ಟವಾಗುತ್ತಿದ್ದ ಕಾರಣ, 2017ರ ಮೇ ತಿಂಗಳಿನಲ್ಲಿ ಕೇಂದ್ರ ಸಚಿವ ಸಂಪುಟವು ಶೇಕಡಾವಾರು ಪದ್ಧತಿಯನ್ನೇ ಉಳಿಸಿಕೊಳ್ಳಲು ತೀರ್ಮಾನಿಸಿತು.

ಅಂಗವೈಕಲ್ಯದ ಪ್ರಮಾಣವನ್ನು ಮೇಲ್ಮಟ್ಟಕ್ಕೆ ಏರಿಸುವ ಇನ್ನೊಂದು ನಿಯಮವೂ ಇದೆ. ಇದನ್ನು ಕಚೇರಿಗಳಲ್ಲಿ 'ಬ್ರಾಡ್ ಬ್ಯಾಂಡಿಂಗ್' ಎಂದೇ ಕರೆಯಲಾಗುತ್ತದೆ. ಇದರಂತೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, 76ರಿಂದ 100ರವರೆಗಿನದನ್ನು 100 ಎಂದೂ ಪರಿಗಣಿಸಲಾಗುತ್ತದೆ. ಆರಂಭದಲ್ಲಿ ಇದು ವೈದ್ಯಕೀಯವಾಗಿ ಬಿಡುಗಡೆಯಾದವರಿಗೆ ಮಾತ್ರ ಸೀಮಿತವಾಗಿತ್ತು. ಅವಧಿ ಮುಗಿಸಿ ನಿವೃತ್ತರಾದ ಅಂಗವಿಕಲ ಸೈನಿಕರೂ ಇದಕ್ಕೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರ್ 10ರಂದು ತೀರ್ಪು ನೀಡಿದೆ.

ಉದಾಹರಣೆಗಾಗಿ, ಕೊನೆಯ ಪರಿಗಣನಾರ್ಹ ವೇತನ 40,000 ರೂ. ಇದ್ದು, ಶೇ. 40ರಷ್ಟು ಅಂಗವೈಕಲ್ಯದಿಂದ ಬಿಡುಗಡೆಯಾದ ಸೈನಿಕರೊಬ್ಬರ ಪ್ರಕರಣವನ್ನು ಪರಿಗಣಿಸಬಹುದು. ಅವರ ಅಂಗವೈಕಲ್ಯವು ಶೇ. 50 ಎಂದು ಲೆಕ್ಕಕ್ಕೆ ಬರುತ್ತದೆ. ಪ್ರಕರಣವು ಸಿ ವರ್ಗದ್ದಾದಲ್ಲಿ ಸೇವಾ ಅಂಶ 20,000 ರೂ., ಅಂಗವೈಕಲ್ಯದ ಅಂಶ 6,000 ರೂ., ಒಟ್ಟು 26,000 ರೂ. ಅದೇ ಪ್ರಕರಣವು ಇ ವರ್ಗದ್ದಾದಲ್ಲಿ ಸೇವಾ ಅಂಶ 20,000 ರೂ., ಯುದ್ಧಗಾಯದ ಅಂಶ 20,000 ರೂ., ಒಟ್ಟು 40,000 ರೂ. ತುಟ್ಟಿಭತ್ಯೆ ಇದಕ್ಕೆ ಹೊರತಾದುದು. ಒಂದು ಅಕ್ಷರದ ವ್ಯತ್ಯಾಸದಿಂದ ತಿಂಗಳಿಗೆ 14,000 ರೂ.ಗಳ ವ್ಯತ್ಯಾಸ, ಅದೂ ಜೀವಿತಾವಧಿಯವರೆಗೆ.

ವರ್ಗವನ್ನು ನಿರ್ಧರಿಸುವವರು ಯಾರು?

ವರ್ಗವನ್ನು ಆಸ್ಪತ್ರೆಯ ವೈದ್ಯರೇ ನಿರ್ಧರಿಸುತ್ತಾರೆಂಬುದು ತಪ್ಪು ತಿಳುವಳಿಕೆ. ಅಂಗವೈಕಲ್ಯದ ಶೇಕಡಾ ಪ್ರಮಾಣವನ್ನು ಹಾಗೂ ಕಾಯಿಲೆಗೂ ಸೇವೆಗೂ ಇರುವ ಸಂಬಂಧವನ್ನು ಕುರಿತು ವೈದ್ಯಕೀಯ ಮಂಡಳಿಯು ಅಭಿಪ್ರಾಯ ನೀಡುತ್ತದೆ. ಆದರೆ ಗಾಯದ ಸಂದರ್ಭವು ಘಟಕದಿಂದ ಹೊರಟ ದಾಖಲೆಗಳ ಆಧಾರದ ಮೇಲೆ ಸ್ಥಾಪಿತವಾಗುತ್ತದೆ. ಘಟನೆ ನಡೆದ ಕೂಡಲೇ ಘಟಕವು ಕಳುಹಿಸುವ ವರದಿ, ಐ.ಎ.ಎಫ್.ವೈ. 2006 ನಮೂನೆಯಲ್ಲಿನ ಗಾಯದ ವರದಿ, ಅದರಲ್ಲಿ ಕಮಾಂಡಿಂಗ್ ಅಧಿಕಾರಿಯ ಅಭಿಪ್ರಾಯ, ವಿಚಾರಣಾ ನ್ಯಾಯಾಲಯದ ನಡಾವಳಿಗಳು, ಹಾಗೂ 'ಬ್ಯಾಟಲ್ ಕ್ಯಾಶುಯಾಲ್ಟಿ' ಎಂದು ಪ್ರಕಟವಾದ ಪಾರ್ಟ್ ಟೂ ಆದೇಶ ಇವು ಅತಿ ಮುಖ್ಯವಾದವು. ಪಾರ್ಟ್ ಟೂ ಆದೇಶದಲ್ಲಿ 'ಫಿಸಿಕಲ್ ಕ್ಯಾಶುಯಾಲ್ಟಿ' ಎಂದಷ್ಟೇ ಇದ್ದಲ್ಲಿ ನಂತರದ ಎಲ್ಲ ಕಚೇರಿಗಳೂ ಅದನ್ನೇ ಅನುಸರಿಸುವ ಸಂಭವ ಹೆಚ್ಚು. ಆದುದರಿಂದ ಸೇವೆಯಿಂದ ಬಿಡುಗಡೆಯಾಗುವ ಮುನ್ನವೇ ಈ ದಾಖಲೆಗಳ ಪ್ರತಿಗಳನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ. ವರ್ಷಗಳು ಕಳೆದ ಮೇಲೆ ಅವುಗಳನ್ನು ಹುಡುಕುವುದು ಕಷ್ಟಸಾಧ್ಯ.

ಕಾಯಿಲೆಗಳ ವಿಷಯದಲ್ಲಿ 1982ರ ಅರ್ಹತಾ ನಿಯಮಗಳಿಗೆ ಸಂಬಂಧಿಸಿದಂತೆ ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ 2ರಂದು ನೀಡಿದ ತೀರ್ಪು ಬಹಳ ಮಹತ್ವದ್ದಾಗಿದೆ. ಸೇನೆಗೆ ಸೇರುವಾಗ ವೈದ್ಯಕೀಯ ದಾಖಲೆಯಲ್ಲಿ ಯಾವ ದೋಷವನ್ನೂ ನಮೂದಿಸದಿದ್ದಲ್ಲಿ, ಆನಂತರ ಉಂಟಾದ ಕಾಯಿಲೆಯು ಸೇವೆಯ ಕಾರಣದಿಂದಾದುದೆಂದು ಭಾವಿಸತಕ್ಕದ್ದು. ಅದು ಹಾಗಲ್ಲವೆಂದು ತೋರಿಸುವ ಹೊಣೆ ಸೈನಿಕನದಲ್ಲ ಎಂದು ಸದರಿ ತೀರ್ಪು ತಿಳಿಸಿದೆ. ಅದೇ ರೀತಿ ಮಂಡಳಿಯು ಕಾರಣಗಳನ್ನು ನೀಡದೆ 'ಸೇವೆಗೆ ಸಂಬಂಧಿಸಿಲ್ಲ' ಎಂದಷ್ಟೇ ಬರೆದರೆ ಸಾಲದು.

ರಜೆಯ ವೇಳೆಯ ಗಾಯಗಳ ಬಗ್ಗೆ ಹೆಚ್ಚಿನ ಗೊಂದಲವಿದೆ. ಸರ್ಕಾರಿ ವೆಚ್ಚದ ಪ್ರಯಾಣಕ್ಕೆ ಅರ್ಹತೆಯಿರುವಾಗ ರಜೆಗೆ ಊರಿಗೆ ಹೊರಟ ಅಥವಾ ಕರ್ತವ್ಯಕ್ಕೆ ಹಿಂದಿರುಗುವ ಪ್ರಯಾಣವನ್ನು ಕರ್ತವ್ಯವೆಂದೇ ಪರಿಗಣಿಸಲಾಗುತ್ತದೆ. ಆದರೆ ಊರಿನಲ್ಲಿ ಸ್ವಂತ ಕೆಲಸದ ಮೇಲೆ ಹೋಗುವಾಗ ಸಂಭವಿಸಿದ ಅಪಘಾತಕ್ಕೆ ಸೇನಾ ಸೇವೆಯೊಂದಿಗೆ ಸಂಬಂಧ ಇದೆ ಎಂದು ತೋರಿಸುವುದು ಅಗತ್ಯವಾಗುತ್ತದೆ.

2023ರ ಸೆಪ್ಟೆಂಬರ್ 21ರಂದು ಅಥವಾ ನಂತರ ಸೇವೆಯಿಂದ ಬಿಡುಗಡೆಯಾದವರಿಗೆ ಹೊಸ ಅರ್ಹತಾ ನಿಯಮಗಳು ಅನ್ವಯಿಸುತ್ತವೆ. ಹಿಂದಿನ ನಿಯಮಗಳ ಮೇಲಿನ ತೀರ್ಪುಗಳು ಅವರ ಪ್ರಕರಣಗಳಿಗೆ ಯಥಾವತ್ತಾಗಿ ಅನ್ವಯಿಸುತ್ತವೆಂದು ಭಾವಿಸಬಾರದು.

ಇತರ ಸೌಲಭ್ಯಗಳು

ಸೇವೆಗೆ ಸಂಬಂಧಿಸಿದ ಅಂಗವೈಕಲ್ಯದಿಂದ ಬಿಡುಗಡೆಯಾದವರಿಗೆ ಒಂದು ಬಾರಿಯ ಅನುಗ್ರಹ ಪರಿಹಾರವನ್ನು ಏಳನೇ ವೇತನ ಆಯೋಗದ ನಂತರ ಶೇ. 100ರ ಅಂಗವೈಕಲ್ಯಕ್ಕೆ 20 ಲಕ್ಷ ರೂ.ಗಳಿಗೆ ಹೆಚ್ಚಿಸಲಾಯಿತು, ಪ್ರಮಾಣ ಕಡಿಮೆಯಾದಂತೆ ಶೇ. 20ರವರೆಗೆ ಅನುಪಾತದಲ್ಲಿ ಇಳಿಯುತ್ತದೆ. ಪೂರ್ಣ ಅಂಗವೈಕಲ್ಯ ಹೊಂದಿ, ನಿತ್ಯದ ಕೆಲಸಗಳಿಗೆ ಮತ್ತೊಬ್ಬರನ್ನು ಅವಲಂಬಿಸಿರುವವರಿಗೆ ನಿರಂತರ ಪರಿಚಾರಕ ಭತ್ಯೆಯಿದ್ದು, 2017ರ ಜುಲೈ 1ರಿಂದ ಅದನ್ನು ಮಾಸಿಕ 4,500 ರೂ.ಗಳಿಂದ 6,750 ರೂ.ಗಳಿಗೆ ಏರಿಸಲಾಯಿತು. ಇದಕ್ಕೆ ವೈದ್ಯಕೀಯ ಮಂಡಳಿಯ ಪ್ರತ್ಯೇಕ ಶಿಫಾರಸು ಬೇಕು. ಮಂಡಳಿಯ ಮುಂದೆ ಹಾಜರಾಗುವಾಗ ಕುಟುಂಬದವರು ಇದನ್ನು ಮರೆಯದೆ ವಿಚಾರಿಸುವುದು.

ವೈದ್ಯಕೀಯವಾಗಿ ಬಿಡುಗಡೆಯಾದವರ ಅಂಗವೈಕಲ್ಯ ಪಿಂಚಣಿಯ ಎರಡೂ ಅಂಶಗಳಿಗೆ ಆದಾಯ ತೆರಿಗೆ ವಿನಾಯಿತಿ ಇದೆ. 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇ.ಸಿ.ಎಚ್.ಎಸ್.ಗೆ ಯುದ್ಧ ಗಾಯಾಳುಗಳು ವಂತಿಗೆ ನೀಡಬೇಕಾಗಿಲ್ಲ. ಕೇಂದ್ರ ಸಾರ್ವಜನಿಕ ಉದ್ದಿಮೆಗಳ ಗ್ರೂಪ್ ಸಿ ಮತ್ತು ಡಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗಿರುವ ಮೀಸಲಾತಿಯಲ್ಲಿ ಶೇ. 4.5ರಷ್ಟು ಅಂಗವಿಕಲ ಮಾಜಿ ಸೈನಿಕರಿಗೆ ಹಾಗೂ ಹುತಾತ್ಮರ ಅವಲಂಬಿತರಿಗೆ ಸಲ್ಲುತ್ತದೆ. ಕೃತಕ ಅಂಗಗಳ ಜೋಡಣೆಗೆ ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್, ಉದ್ಯೋಗ ತರಬೇತಿಗೆ 1917ರಲ್ಲಿ ಸ್ಥಾಪಿತವಾದ ಖಡ್ಕಿಯ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಬೆನ್ನುಹುರಿಯ ಗಾಯದಿಂದ ನಡೆಯಲಾರದವರಿಗೆ ಖಡ್ಕಿ ಮತ್ತು ಮೊಹಾಲಿಯ ಪುನರ್ವಸತಿ ಕೇಂದ್ರಗಳು ಇವೆ.

ತಿದ್ದುಪಡಿ ಮತ್ತು ಮೇಲ್ಮನವಿ

ಪಿಂಚಣಿ ಪಾವತಿ ಆದೇಶ ಕೈಸೇರಿದ ಕೂಡಲೇ ಅದರಲ್ಲಿ 'ಅಂಗವೈಕಲ್ಯದ ಅಂಶ' ಎಂದಿದೆಯೋ 'ಯುದ್ಧಗಾಯದ ಅಂಶ' ಎಂದಿದೆಯೋ ಎಂಬುದನ್ನೂ, ಶೇಕಡಾ ಪ್ರಮಾಣವನ್ನೂ ಪರಿಶೀಲಿಸತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಮೊದಲು ಸಂಬಂಧಪಟ್ಟ ರೆಕಾರ್ಡ್ ಕಚೇರಿಗೆ ಬರೆಯಬೇಕು; ಮರಾಠಾ ಲಘು ಪದಾತಿ ದಳದವರಿಗೆ ಅದು ಬೆಳಗಾವಿಯಲ್ಲಿದೆ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಬೆಂಗಳೂರಿನಲ್ಲಿದೆ. ಕೋರಿಕೆ ತಿರಸ್ಕೃತವಾದಲ್ಲಿ ತಿರಸ್ಕಾರ ಪತ್ರದಲ್ಲಿ ನಮೂದಿಸಿದ ಅವಧಿಯೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ತಿರಸ್ಕೃತವಾದಲ್ಲಿ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಆನಂತರ 2007ರ ಕಾಯ್ದೆಯಡಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆ ಹೋಗಬಹುದಾಗಿದ್ದು, ಅಂತಿಮ ಆದೇಶದ ದಿನಾಂಕದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು.

ಅರ್ಜಿ ಬರೆಯುವಲ್ಲಿ ನೆರವು ಅಗತ್ಯವಿರುವವರು ಅಥವಾ ಅವರ ಕುಟುಂಬದವರು ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪಾವತಿ ಆದೇಶ, ವೈದ್ಯಕೀಯ ಮಂಡಳಿಯ ನಡಾವಳಿ ಹಾಗೂ ಗಾಯದ ವರದಿಯ ಪ್ರತಿಗಳೊಂದಿಗೆ ತಮ್ಮ ವ್ಯಾಪ್ತಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ. ಗಾಯದ ವರದಿಯ ಪ್ರತಿ ಇಲ್ಲದವರು ಸೇನಾ ಸಂಖ್ಯೆ, ಘಟಕದ ಹೆಸರು ಮತ್ತು ಚಿಕಿತ್ಸೆ ಪಡೆದ ಸೇನಾ ಆಸ್ಪತ್ರೆಯ ವಿವರವನ್ನು ತಿಳಿಸಿದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ರೆಕಾರ್ಡ್ ಕಚೇರಿಯಿಂದ ಪ್ರತಿಯನ್ನು ಕೋರಬಹುದು.