ಊರಾಚೆಯ ಸೂರು: ಪಡಖಾನೆ, ಛತ್ರ ಮತ್ತು ಅತಿಥಿ ಅರಮನೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಶೆಟ್ಟಿಕೆರೆಯ ಸುತ್ತಿನ ಸೀಮೆ ತೆಂಗಿಗೆ ಹೆಸರಾದುದು. ಆದರೆ ಈ ಭಾಗದ ಹೆಂಡವೆಂದರೆ ಮುಖ್ಯವಾಗಿ ಈಚಲ ಹೆಂಡ. ತೆಂಗಿನ ಹೊಂಬಾಳೆಯಿಂದ ರಸ ಇಳಿಸಿದರೆ ಅದರಲ್ಲಿ ಕಾಯಿ ಕಟ್ಟುವುದಿಲ್ಲ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿರಿಸಿ, ಉಂಡೆ ಕೊಬ್ಬರಿಯಾಗಿಸಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುವ ಒಕ್ಕಲಿಗೆ ಆ ನಷ್ಟ ಒಗ್ಗುವಂಥದ್ದಲ್ಲ. ಹಳ್ಳದ ದಂಡೆಯ ಈಚಲಿಗೆ ಚಾಪೆ, ಪೊರಕೆಗಳಾಚೆ ಹೆಚ್ಚಿನ ಬೆಲೆಯಿರಲಿಲ್ಲ. ಅದರ ರಸ ಇಳಿಸುವುದು ಈಡಿಗರ ಕಸುಬಾಗಿತ್ತು.

ಈ ಹೆಂಡ ಮಾರಾಟವಾಗುತ್ತಿದ್ದ ಪಡಖಾನೆಯ ನೆಲೆ ಸಾಮಾನ್ಯವಾಗಿ ಊರಾಚೆ. ಜಿ.ಪಿ. ರಾಜರತ್ನಂ ಅವರ ರತ್ನನಿಂದ ಕನ್ನಡ ಓದುಗರಿಗೆಲ್ಲ ಪರಿಚಿತವಾದ ಲೋಕವಿದು. ದಾರಿಹೋಕರಿಗೆ ಊಟ, ವಸತಿ ಒದಗಿಸುತ್ತಿದ್ದುದು ಛತ್ರ. ಅಲ್ಲಿ ಪಂಕ್ತಿಭೇದಕ್ಕೆ ಎಡೆಯಿತ್ತು, ಮದ್ಯಕ್ಕೆ ಇರಲಿಲ್ಲ. ಊಟ, ಮದ್ಯ, ವಸತಿಗಳನ್ನು ಒಂದೇ ಸೂರಿನಡಿ ತಂದ ಇಂಗ್ಲೆಂಡಿನ ಹಳೆಯ ತಂಗುಮನೆ, ಅದರಿಂದ ಬೆಳೆದ ಪಬ್ಬು, ಈ ವ್ಯವಸ್ಥೆಗೆ ಹೊರಗಿನವು. ಮಾಂಸಾಹಾರಿ ಸಮುದಾಯಗಳು ಪಿತೃಪಕ್ಷದಲ್ಲಿ ಇಡುವ ಎಡೆಯಲ್ಲಿ ಮಾತ್ರ ಹೆಂಡ ಅನ್ನದ ಪಕ್ಕದಲ್ಲೇ ಕೂರುತ್ತದೆ. ಬದುಕಿದ್ದವರಿಗಿಲ್ಲದ ರಿಯಾಯಿತಿ ಸತ್ತವರಿಗೆ!

ಇದೇ ವಿಂಗಡಣೆ ಅರಮನೆಯನ್ನೂ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್‌ಗಾಗಿ ಕಟ್ಟಿಸಿದ ಲಲಿತಮಹಲು (1921) ಮೈಸೂರಿನ ಕೋಟೆಯೊಳಗಿಲ್ಲ, ಚಾಮುಂಡಿ ಬೆಟ್ಟದ ಬಳಿ, ಅಂದಿನ ಊರಿನಿಂದ ದೂರದಲ್ಲಿದೆ. ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್ಲಿ. ಐರೋಪ್ಯ ಅತಿಥಿಯ ಆಹಾರ ಪಾನೀಯಗಳಿಗೆ ಮನೆತನದ ಆಚಾರದಿಂದ ದೂರವಾದ ಸೂರು ಬೇಕಾಗಿತ್ತೆಂದು ಊಹಿಸುವುದು ಅಸಂಗತವಲ್ಲ. ಹಾಗೆ ನೋಡಿದರೆ ಅಮೃತಶಿಲೆಯ ಮೆಟ್ಟಿಲಿನ ಈ ಸೌಧವೂ ಒಂದು ಬಗೆಯ ಊರಾಚೆಯ ತಾಣವೇ. 1974ರಲ್ಲಿ ಅದು ಹೋಟೆಲಾಯಿತು; ನರ್ತನಕ್ಕೆಂದು ಕಟ್ಟಿದ ಅಂಗಣ ಭೋಜನಶಾಲೆಯಾಯಿತು. ವೈಸ್‌ರಾಯ್‌ಗೆ ಮೀಸಲಾದ ಮೇಜು ಹಣ ತೆತ್ತವರಿಗೆಲ್ಲ ತೆರೆಯಿತು. ಬಾಗಿಲು ಕಾಯುವ ಕೆಲಸವನ್ನು ಜಾತಿ, ಪದವಿಗಳಿಂದ ಬೆಲೆಪಟ್ಟಿ ವಹಿಸಿಕೊಂಡಿತೆನ್ನಬಹುದು.

ಪಡಖಾನೆಗೆ ಇಂಥ ಮರುಹುಟ್ಟು ದೊರೆಯಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಷಿದ್ಧವಾಯಿತು. ಈ ಸೀಮೆಯಲ್ಲಿ ಸೇಂದಿ ಅದಕ್ಕೂ ಮೊದಲೇ ನಿಂತಿತ್ತು. ಪರಂಪರೆಯ ಕಟ್ಟಡಗಳ ಪಟ್ಟಿ ಕಲ್ಲು ಗಾರೆಗಳನ್ನು ಗುರುತಿಸುತ್ತದೆ, ಸೋಗೆಯ ಚಪ್ಪರವನ್ನಲ್ಲ. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಪಡಖಾನೆಯ ಕುರುಹನ್ನು ಗೋಡೆಗಳಲ್ಲಿ ಅರಸಿ ಫಲವಿಲ್ಲ. ಹಳೆಯ ಈಚಲು ಮರ ಉಳಿದಿರುವಲ್ಲಿ ಅದರ ಕಾಂಡವನ್ನು ನೋಡಬೇಕು: ವರ್ಷಕ್ಕೊಂದರಂತೆ, ಒಮ್ಮೆ ಈ ಬದಿಗೆ, ಮತ್ತೊಮ್ಮೆ ಆ ಬದಿಗೆ ಬಿದ್ದ ಕಚ್ಚುಗಳನ್ನು ಎಣಿಸಿದರೆ ಆ ಮರದಿಂದ ಎಷ್ಟು ವರ್ಷ ಹೆಂಡ ಇಳಿಯಿತೆಂಬುದು ತಿಳಿಯುತ್ತದೆ.